ಕಿಟ್ಟೆಲ್‌ಗೆ ಹಾರ ಹಾಕಿದಿರಿ, ಕೊರಗರ ನುಡಿ ಕೇಳಿದ್ದೀರಾ?

ಕಲ್ಯಾಣ ನಗರದ ಗೆಳೆಯರೇ,

ನವೆಂಬರ್ ಒಂದು ಬಂತೆಂದರೆ ನಿಮ್ಮ ಬೈಕುಗಳಿಗೆ ಹಳದಿ ಕೆಂಪು ಬಾವುಟ ಏರುತ್ತದೆ. ಬಾಣಸವಾಡಿ ದಾಟಿ, ಪುಲಿಕೇಶಿ ನಗರ ದಾಟಿ, ಹಿಂದೊಮ್ಮೆ ಪರಂಗಿ ದಂಡು ಬೀಡುಬಿಟ್ಟಿದ್ದ ಮಹಾತ್ಮ ಗಾಂಧಿ ರಸ್ತೆಗೆ ಬಂದರೆ ಮೇಯೋ ಹಾಲ್ ಬಳಿ ಒಂದು ಪ್ರತಿಮೆ ಕಾಣುತ್ತದೆ. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ೧೮೫೩ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಷನ್ ಪಾದ್ರಿಯಾಗಿ ಬಂದವರು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು ೭೦ ಸಾವಿರ ಪದಗಳಿವೆ. ಆ ಪ್ರತಿಮೆಗೆ ನೀವು ಹಾರ ಹಾಕುತ್ತೀರಿ. ಹಾಕಿ, ಖಂಡಿತ ಹಾಕಿ. ಕನ್ನಡದ ಅನ್ನ ತಿನ್ನುವ ಯಾರೂ ಆ ಋಣ ಮರೆಯಬಾರದು.

ಆದರೆ ಹಾರ ಹಾಕಿ ಕೆಳಗಿಳಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಕಿಟ್ಟೆಲ್ ಕನ್ನಡ ಪದ ಕೂಡಿಸುತ್ತಿದ್ದ ಕಾಲದಲ್ಲೇ ಬಿಳಿಯರು ಈ ನೆಲದ ಇನ್ನೂ ಎಷ್ಟೋ ಜನರ ಮಾತುಗಳನ್ನು ಬರೆದುಕೊಂಡರು. ಆ ಪುಸ್ತಕಗಳು ಏನಾದವು? ಆ ಜನ ಏನಾದರು? ಅವರಿಗೆ ಯಾಕೆ ಪ್ರತಿಮೆಯಿಲ್ಲ, ಪೀಠವಿಲ್ಲ, ಶಾಲೆಯಿಲ್ಲ?

ಈ ಪ್ರಶ್ನೆ ನಮಗ್ಯಾಕೆ ಎನ್ನಬೇಡಿ. ಭಾಷೆಯ ಹೆಸರಲ್ಲಿ ಬೀದಿಗಿಳಿಯುವವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿಲ್ಲ.

ಪೊಲೀಸರ ಪದಕೋಶ

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದಾದ ಸ್ವಲ್ಪ ಕಾಲಕ್ಕೇ ನಮ್ಮ ಬೆಂಗಳೂರಿನ ಸುತ್ತಮುತ್ತ ನೂರರಷ್ಟು ಜನರನ್ನು 'ಫಾನ್ಸಿಗಾರರು', ಅಂದರೆ ಕುತ್ತಿಗೆಗೆ ಉರುಳು ಹಾಕಿ ಕೊಲ್ಲುವವರು ಎಂದು ಕಂಪನಿಯವರು ಹಿಡಿದರು. ೧೮೧೬ರಲ್ಲಿ ಮದ್ರಾಸಿನ ವೈದ್ಯ ಷೆರ್ವುಡ್ ಅವರ ಬಗ್ಗೆ ದೊಡ್ಡ ಲೇಖನವನ್ನೇ ಬರೆದ. ೧೮೩೬ರಲ್ಲಿ ಸ್ಲೀಮನ್ ಎಂಬ ಅಧಿಕಾರಿ ಕಲ್ಕತ್ತೆಯಲ್ಲಿ 'ರಾಮಸೀಯಾನ' ಎಂಬ ಪುಸ್ತಕ ಹೊರತಂದ. ಅದು ಥಗ್ಗರ ಗುಪ್ತಭಾಷೆಯ ಪದಕೋಶ. ಕಾವ್ಯ ಓದಲು ಮಾಡಿದ ಕೋಶವಲ್ಲ ಅದು, ಗೆಳೆಯರೇ. ಮಾತಿನ ಮೇಲೆ ಮನುಷ್ಯನನ್ನು ಗುರುತಿಸಿ ಹಿಡಿಯಲು ಮಾಡಿದ್ದು.

ಅಲ್ಲಿಂದ ಶುರುವಾದ ಚಾಳಿ ಮುಂದೆ ಕಾನೂನೇ ಆಯಿತು. ೧೮೭೧ರಲ್ಲಿ 'ಅಪರಾಧಿ ಬುಡಕಟ್ಟು ಕಾಯ್ದೆ' ಬಂತು. ಮೊದಲು ಉತ್ತರದಲ್ಲಿ, ೧೯೧೧ರಿಂದ ಮದ್ರಾಸ್ ಮುಂಬಯಿ ಪ್ರಾಂತಗಳಿಗೂ. ಅದರ ಪ್ರಕಾರ ಇಂಥ ಜಾತಿಯಲ್ಲಿ ಹುಟ್ಟಿದರೆ ಸಾಕು, ನೀನು ಕಳ್ಳ. ಬೆರಳಚ್ಚು ಕೊಡಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು, ಚೀಟಿಯಿಲ್ಲದೆ ಊರು ಬಿಡುವಂತಿಲ್ಲ. ರೈಲು ಬರುವ ಮೊದಲು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಸಾಗಿಸಿ ನಾಡಿಗೆ ಅನ್ನ ಮುಟ್ಟಿಸಿದವರು ಕೊರಚರು, ಲಂಬಾಣಿಗರು. ರೈಲು ಬಂದು ಅವರ ಕಸುಬು ಕಿತ್ತುಕೊಂಡಿತು. ಆಮೇಲೆ ಅಲೆದಾಡುವುದೇ ಅವರ ಅಪರಾಧವಾಯಿತು.

೧೯೦೮ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೇಲ್ ಕೆನಡಿ ಒಂದು ಪುಸ್ತಕ ಬರೆದ. ಆಗ ಬಿಜಾಪುರ, ಧಾರವಾಡ, ಬೆಳಗಾವಿ ಎಲ್ಲ ಮುಂಬಯಿ ಪ್ರಾಂತದಲ್ಲೇ ಇದ್ದವು. ಲಂಬಾಣಿ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ್, ಒಂದೊಂದು ಸಮುದಾಯಕ್ಕೂ ಒಂದೊಂದು ಅಧ್ಯಾಯ. ಅವರ ಚಹರೆ ಹೇಗೆ, ಉಡುಪು ಹೇಗೆ, ಕದಿಯುವ ವಿಧಾನ ಏನು, ಕದ್ದ ಮಾಲು ಎಲ್ಲಿ ಬಚ್ಚಿಡುತ್ತಾರೆ. ಈ ಪಟ್ಟಿಯ ನಡುವೆ ಇನ್ನೊಂದು ತಲೆಬರಹ: ಅವರು ಆಡುವ ಮಾತು. ಒಂದು ಜನಾಂಗದ ತಾಯ್ನುಡಿ ಅವರ ಕನ್ನಗತ್ತರಿಯ ಪಕ್ಕದಲ್ಲಿ ಕೂತಿತು! ಅಮ್ಮ ಜೋಗುಳ ಹಾಡಿದ ಭಾಷೆ ಪೇದೆಯ ಕಿಸೆಯಲ್ಲಿ ಸುಳಿವಾಯಿತು.

ಹುಬ್ಬಳ್ಳಿಗೆ ಹೋದರೆ 'ಸೆಟ್ಲಮೆಂಟ್' ಎಂಬ ಬಡಾವಣೆ ಇದೆ. ಬೆಟಗೇರಿಯಲ್ಲೂ ಇದೆ. ಯಾರ ಸೆಟ್ಲಮೆಂಟ್ ಎಂದು ಯಾರಾದರೂ ಕೇಳಿದ್ದೀರಾ? ಈ 'ಅಪರಾಧಿ'ಗಳನ್ನು ಹೆಂಡತಿ ಮಕ್ಕಳ ಸಮೇತ ತಂದು ಕೂಡಿಹಾಕಿ ಹಾಜರಿ ಕೂಗುತ್ತಿದ್ದ ಜಾಗ ಅದು. ೧೯೫೨ರ ಆಗಸ್ಟ್ ೩೧ರಂದು ಆ ಕಾಯ್ದೆ ಹೋಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ಅವರಿಗೆ ಬಂತು ಸ್ವಾತಂತ್ರ್ಯ. ಹೆಸರು ಹೋಗಲಿಲ್ಲ, ಊರ ಹೆಸರಾಗಿ ಉಳಿಯಿತು.

ಮೂಗಿನ ಅಳತೆ

ಇನ್ನೊಬ್ಬ ದೊರೆಯ ಕಥೆ ಕೇಳಿ. ಎಡ್ಗರ್ ಥರ್ಸ್ಟನ್. ೧೮೮೫ರಿಂದ ೧೯೦೮ರವರೆಗೆ ಮದ್ರಾಸ್ ಮ್ಯೂಸಿಯಮ್ಮಿನ ಮೇಲ್ವಿಚಾರಕ. ೧೯೦೯ರಲ್ಲಿ ಏಳು ಸಂಪುಟಗಳ 'ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳು' ಹೊರತಂದ. ಇಂದಿಗೂ ನಮ್ಮ ಸಂಶೋಧಕರು ಅದನ್ನು ತಿರುವಿ ಹಾಕುತ್ತಾರೆ. ಅಳತೆಗೋಲು ಹಿಡಿದು ಕಾಡಿನ ಜನರ ತಲೆ, ಮೂಗು ಅಳೆದವನು ಇವನು. ಮೂಗು ಅಗಲವಿದ್ದಷ್ಟೂ ಮನುಷ್ಯ ಕೀಳು ಎಂಬ ಲೆಕ್ಕಾಚಾರದ ಕಾಲ ಅದು. ಈ ಅಳತೆಯ ವಿದ್ಯೆಯನ್ನು ಮದ್ರಾಸಿನ ಪೊಲೀಸರಿಗೂ ಹೇಳಿಕೊಟ್ಟ ಎಂದರೆ ವಿದ್ಯೆ ಯಾವ ಕೆಲಸಕ್ಕೆ ಬಂತು ಎಂದು ನಾವು ವಿವರಿಸಬೇಕಾಗಿಲ್ಲ.

ಈ ಅಳತೆಯ ಕೆಲಸ ಶುರುವಾಗುವ ಮೊದಲೇ, ೧೮೭೦ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಹಕ್ಸ್‌ಲಿ ದಖ್ಖಣದ ಬೆಟ್ಟಗುಡ್ಡದ ಜನರನ್ನೂ ಆಸ್ಟ್ರೇಲಿಯದ ಮೂಲನಿವಾಸಿಗಳನ್ನೂ ಒಂದೇ ಗುಂಪಿಗೆ ಸೇರಿಸಿದ್ದ. ಪಾದ್ರಿ ಕಾಲ್ಡ್‌ವೆಲ್ ತನ್ನ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ನಮ್ಮ 'ನಾನು', 'ನೀನು'ಗಳಿಗೂ ಆಸ್ಟ್ರೇಲಿಯದ ಸರ್ವನಾಮಗಳಿಗೂ ಹೋಲಿಕೆ ಇದೆ ಎಂದಿದ್ದ. ಇಂದಿನ ಭಾಷಾವಿಜ್ಞಾನಿಗಳು ಈ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ. ಆದರೆ ಬಿಳಿಯರ ಕಣ್ಣಲ್ಲಿ ನಾವೂ ಅವರೂ ಒಂದೇ ಕಪಾಟಿನ ಸರಕು ಎಂಬುದು ಇದರಿಂದ ತಿಳಿಯುತ್ತದೆ. ಹಾಗಿದ್ದ ಮೇಲೆ ಆ ಕಪಾಟಿನ ಇನ್ನೊಂದು ಅರೆಯಲ್ಲಿ ಏನಾಯಿತು ಎಂದು ನೋಡೋಣ ಬನ್ನಿ.

ಆಸ್ಟ್ರೇಲಿಯದಲ್ಲಿ ಏನಾಯಿತು?

೧೭೮೮ರಲ್ಲಿ ಇಂಗ್ಲಿಷರ ಹಡಗುಗಳು ಸಿಡ್ನಿಗೆ ಬಂದಾಗ ಆ ಖಂಡದಲ್ಲಿ ೨೫೦ಕ್ಕೂ ಹೆಚ್ಚು ಭಾಷೆಗಳಿದ್ದವು. ಇಂದು ಮಕ್ಕಳು ತಾಯಿಯ ಮಡಿಲಲ್ಲಿ ಕಲಿಯುತ್ತಿರುವ ಭಾಷೆಗಳು ಹದಿನೈದನ್ನೂ ಮುಟ್ಟುವುದಿಲ್ಲ.

ಆ ಹಡಗಿನಲ್ಲಿ ವಿಲಿಯಂ ಡಾಸ್ ಎಂಬ ತರುಣ ಸೈನಿಕ ಅಧಿಕಾರಿ ಇದ್ದ. ನಕ್ಷತ್ರ ನೋಡುವುದು ಅವನ ಕೆಲಸ. ಅಲ್ಲಿನ ಪಟ್ಯೆಗರಾಂಗ್ ಎಂಬ ಹದಿಹರೆಯದ ಹುಡುಗಿ ಅವನಿಗೆ ತನ್ನ ಭಾಷೆ ಕಲಿಸಿದಳು. ಅವನು ೧೭೯೦-೯೧ರಲ್ಲಿ ಬರೆದುಕೊಂಡ ಪುಟ್ಟ ಪುಸ್ತಕಗಳು ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಧೂಳು ತಿನ್ನುತ್ತಿದ್ದು ೧೯೭೨ರಲ್ಲಿ ಬೆಳಕಿಗೆ ಬಂದವು. ಅದರಲ್ಲಿ ಬರೀ ಪದಗಳಿಲ್ಲ, ಇಬ್ಬರ ಮಾತುಕತೆಯಿದೆ. ನಿಮ್ಮವರಿಗೆ ಯಾಕೆ ಸಿಟ್ಟು ಎಂದು ಅವನು ಕೇಳುತ್ತಾನೆ. ಬಿಳಿಯರು ಬಂದು ನೆಲೆ ನಿಂತಿದ್ದಕ್ಕೆ ಎಂದು ಅವಳು ಹೇಳುತ್ತಾಳೆ. ಭಯ ಯಾಕೆ ಎಂದರೆ, ಬಂದೂಕಿಗೆ ಎನ್ನುತ್ತಾಳೆ.

೧೭೯೦ರ ಡಿಸೆಂಬರಿನಲ್ಲಿ ಗವರ್ನರನ ಬೇಟೆಗಾರನೊಬ್ಬ ಈಟಿಗೆ ಸಿಕ್ಕಿದ. ಅದಕ್ಕೆ ಪ್ರತಿಯಾಗಿ ಮೂಲನಿವಾಸಿಗಳ ಹತ್ತು ತಲೆ ಕಡಿದು ತನ್ನಿ ಎಂದು ಗವರ್ನರ್ ಫಿಲಿಪ್ ಆಜ್ಞೆ ಮಾಡಿದ. ತಲೆ ತುಂಬಿ ತರಲು ಚೀಲವನ್ನೂ ಕೊಡಿಸಿದ. ಡಾಸ್ ಒಲ್ಲೆ ಎಂದ. ಪಾದ್ರಿಯ ಮಾತಿಗೆ ಕಟ್ಟುಬಿದ್ದು ಹೋದನಾದರೂ, ಹೋದದ್ದೇ ತಪ್ಪು, ಇನ್ನೊಮ್ಮೆ ಹೋಗಲಾರೆ ಎಂದು ಬಹಿರಂಗವಾಗಿ ಹೇಳಿದ. ಅವನನ್ನು ೧೭೯೧ರ ಕೊನೆಗೆ ಇಂಗ್ಲೆಂಡಿಗೆ ಸಾಗಹಾಕಿದರು. ಎದುರಿಗೆ ಕೂತು ಮಾತು ಕಲಿತವನಿಗೆ ಆ ಮಾತಾಡುವವರ ತಲೆ ಕಡಿಯಲು ಕೈ ಬರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಎಲ್ಲರೂ ಡಾಸ್ ಆಗಲಿಲ್ಲ. ಟಾಸ್ಮೇನಿಯ ದ್ವೀಪದಲ್ಲಿ ೧೮೨೦ರ ದಶಕದಲ್ಲಿ ಬಿಳಿಯರು ಮೂಲನಿವಾಸಿಗಳನ್ನು ಬೇಟೆಯಾಡಿದರು. ಜಾರ್ಜ್ ರಾಬಿನ್ಸನ್ ಎಂಬಾತ ಅವರ ಮಾತು ಕಲಿತು, ಪದ ಬರೆದುಕೊಂಡು, ಅದೇ ಮಾತಿನಲ್ಲಿ ನಯವಾಗಿ ನಂಬಿಸಿ ಉಳಿದ ಇನ್ನೂರರಷ್ಟು ಜನರನ್ನು ಫ್ಲಿಂಡರ್ಸ್ ಎಂಬ ನಡುಗಡ್ಡೆಗೆ ಒಯ್ದ. ೧೮೪೭ರಲ್ಲಿ ಅಲ್ಲಿಂದ ವಾಪಸು ಕರೆತಂದಾಗ ಬದುಕಿದ್ದವರು ೪೭ ಮಂದಿ. ಟ್ರುಗನಿನಿ ಎಂಬ ಹೆಂಗಸು ೧೮೭೬ರಲ್ಲಿ ಸತ್ತಳು. ಅವಳ ಅಸ್ಥಿಪಂಜರವನ್ನು ಹೋಬಾರ್ಟಿನ ಮ್ಯೂಸಿಯಮ್ಮಿನಲ್ಲಿ ದಶಕಗಳ ಕಾಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿದರು. ಬೂದಿಯಾಗುವ ಭಾಗ್ಯ ಅವಳಿಗೆ ಸಿಕ್ಕಿದ್ದು ಸತ್ತ ನೂರು ವರ್ಷಕ್ಕೆ, ೧೯೭೬ರಲ್ಲಿ!

ಮೂರನೆಯ ಕಥೆ ನಮ್ಮ ಕಿಟ್ಟೆಲ್ ಕಥೆಯಂತೆಯೇ ಶುರುವಾಗುತ್ತದೆ. ೧೮೩೮ರಲ್ಲಿ ಅಡಿಲೇಡ್ ಊರಿಗೆ ಇಬ್ಬರು ಜರ್ಮನ್ ಪಾದ್ರಿಗಳು ಬಂದರು. ಟೈಖೆಲ್‌ಮನ್ ಮತ್ತು ಷೂರ್ಮನ್. ಅಲ್ಲಿನ ಕೌರ್ನಾ ಭಾಷೆ ಕಲಿತು, ಆ ಭಾಷೆಯಲ್ಲೇ ಶಾಲೆ ನಡೆಸಿ, ೧೮೪೦ರಲ್ಲಿ ವ್ಯಾಕರಣವನ್ನೂ ಸುಮಾರು ಎರಡು ಸಾವಿರ ಪದಗಳನ್ನೂ ಅಚ್ಚು ಹಾಕಿಸಿದರು. ಸರಕಾರ ಆ ಶಾಲೆ ಮುಚ್ಚಿ ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ತಳ್ಳಿತು. ಭಾಷೆ ಬಾಯಿಂದ ಬಾಯಿಗೆ ದಾಟುವುದು ನಿಂತೇಹೋಯಿತು. ೧೯೯೦ರ ದಶಕದಲ್ಲಿ ಅದೇ ಜನರ ಮೊಮ್ಮಕ್ಕಳು ಪಾದ್ರಿಗಳ ಆ ಹಳೇ ಪುಸ್ತಕ ಕೈಗೆತ್ತಿಕೊಂಡರು. ಇಂದು ಕೌರ್ನಾದಲ್ಲಿ ಹಾಡು ಕಟ್ಟುತ್ತಾರೆ, ಮಕ್ಕಳಿಗೆ ಹೆಸರಿಡುತ್ತಾರೆ, ಸಭೆಯಲ್ಲಿ ಸ್ವಾಗತ ಕೋರುತ್ತಾರೆ. ಟಾಸ್ಮೇನಿಯದವರೂ ಹಾಗೆಯೇ ಹಳೆಯ ಪಟ್ಟಿಗಳಿಂದ ಪದ ಹೆಕ್ಕಿ 'ಪಲವಾ ಕಾನಿ' ಎಂಬ ನುಡಿ ಕಟ್ಟಿಕೊಂಡಿದ್ದಾರೆ.

ಪುಸ್ತಕ ಭಾಷೆಯನ್ನು ಬದುಕಿಸಲಿಲ್ಲ, ಗೆಳೆಯರೇ. ಆ ಪುಸ್ತಕ ಯಾರ ಕೈಗೆ ವಾಪಸು ಬಂತು ಎಂಬುದು ಬದುಕಿಸಿತು.

ಕನ್ನಡ ಯಾಕೆ ಉಳಿಯಿತು?

ಕನ್ನಡ ಉಳಿದದ್ದು ಕಿಟ್ಟೆಲ್ ನಿಘಂಟಿನಿಂದ ಎಂದು ಕೆಲವರು ಭಾಷಣ ಬಿಗಿಯುತ್ತಾರೆ. ಸುಳ್ಳು. ಕಿಟ್ಟೆಲ್ ಹುಟ್ಟುವ ಸಾವಿರ ವರ್ಷ ಮೊದಲೇ ಇಲ್ಲಿ ಕವಿರಾಜಮಾರ್ಗ ಇತ್ತು. ಬೇಗೂರಿನ ಒಂಬತ್ತನೇ ಶತಮಾನದ ಕಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಕನ್ನಡದಲ್ಲೇ ಕೆತ್ತಲ್ಪಟ್ಟಿತ್ತು. ೧೮೭೨ರಲ್ಲಿ ಕಿಟ್ಟೆಲ್ ಅಚ್ಚು ಹಾಕಿಸಿದ ಶಬ್ದಮಣಿದರ್ಪಣ ಹದಿಮೂರನೇ ಶತಮಾನದ ಕೇಶಿರಾಜನದು. ನಮಗೆ ಅರಸರಿದ್ದರು, ಮಠಗಳಿದ್ದವು, ಹೊಲ ಗದ್ದೆಗಳಿದ್ದವು, ಓಲೆಗರಿ ಇತ್ತು. ಬಿಳಿಯನಿಗೂ ಕಂದಾಯ ವಸೂಲಿಗೆ ನಮ್ಮ ಭಾಷೆ ಬೇಕಿತ್ತು. ಆದ್ದರಿಂದ ನಮ್ಮ ಮಾತಿಗೆ 'ನಿಘಂಟು' ಬಂತು.

ಕೊರಚರಿಗೆ, ಹಕ್ಕಿಪಿಕ್ಕಿಗಳಿಗೆ, ಕೊರಗರಿಗೆ ಇದು ಯಾವುದೂ ಇರಲಿಲ್ಲ. ಆದ್ದರಿಂದ ಅವರ ಮಾತಿಗೆ ಪೊಲೀಸ್ ಟಿಪ್ಪಣಿ ಬಂತು, ಇಲ್ಲವೇ ಮ್ಯೂಸಿಯಂ ಟಿಪ್ಪಣಿ ಬಂತು, ಇಲ್ಲವೇ ಏನೂ ಬರಲಿಲ್ಲ. ಗ್ರಿಯರ್ಸನ್ ೧೯೨೮ರವರೆಗೆ ನಡೆಸಿದ ಭಾರತದ ದೊಡ್ಡ ಭಾಷಾ ಸರ್ವೇಯಲ್ಲಿ ಮೈಸೂರು, ಮದ್ರಾಸ್, ಕೊಡಗು, ಹೈದರಾಬಾದುಗಳನ್ನು ಕೈಬಿಟ್ಟಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ೧೮೭೫ರಲ್ಲಿ ವಾಲ್‌ಹೌಸ್ ಎಂಬ ಅಧಿಕಾರಿ ಲಂಡನ್ನಿನ ಪತ್ರಿಕೆಗೆ ಕೊರಗರ ಬಗ್ಗೆ ಬರೆದ. ತಲೆಬರಹದಲ್ಲಿ ಅವರಿಗೆ ಹೆಸರೂ ಇಲ್ಲ, 'ಎಲೆ ಉಡುವ ಬುಡಕಟ್ಟು' ಅಷ್ಟೇ. ಕೊರಗ ಭಾಷೆಗೆ ಒಂದು ಸರಿಯಾದ ವ್ಯಾಕರಣ ಬರಲು ೧೯೭೧ರವರೆಗೆ ಕಾಯಬೇಕಾಯಿತು. ಅದನ್ನು ಬರೆದವರು ನಮ್ಮವರೇ ಆದ ಡಿ.ಎನ್. ಶಂಕರ ಭಟ್ಟರು.

ಎಲೆ ಉಡಿಸಿದ್ದು ಯಾರು?

ಇಲ್ಲಿಯವರೆಗೆ ಪರಂಗಿಗಳನ್ನು ಬೈದದ್ದು ಓದಲು ಹಿತವಾಗಿರಬೇಕು. ಇನ್ನು ಮುಂದಿನದು ಅಷ್ಟು ಹಿತವಲ್ಲ.

ಕೊರಗ ಹೆಂಗಸರು ಎಲೆ ಉಡಬೇಕೆಂದು ಕಟ್ಟುಪಾಡು ಮಾಡಿದ್ದು ಬಿಳಿಯನಲ್ಲ. ರಸ್ತೆಯಲ್ಲಿ ಉಗುಳಿದರೆ ಮೈಲಿಗೆ ಎಂದು ಕೊರಗರ ಕುತ್ತಿಗೆಗೆ ಅಂಡೆ ಕಟ್ಟಿಸಿದ್ದು ಬಿಳಿಯನಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಿಸಿದರೆ ನಮ್ಮ ಮನೆಯ ಪೀಡೆ ಅವರಿಗೆ ದಾಟುತ್ತದೆ ಎಂಬ ಅಜಲು ಪದ್ಧತಿ ಲಂಡನ್ನಿನಿಂದ ಬರಲಿಲ್ಲ. ಅದನ್ನು ನಿಲ್ಲಿಸಲು ಕರ್ನಾಟಕ ಸರಕಾರ ಕಾನೂನು ಮಾಡಿದ್ದು ೨೦೦೦ನೇ ಇಸವಿಯಲ್ಲಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಪನಿಗಳು ಎದ್ದು ನಿಂತ ಕಾಲದಲ್ಲಿ! ಇಂದು ಕರ್ನಾಟಕದಲ್ಲಿ ಕೊರಗರು ಇರುವುದು ಸುಮಾರು ೧೫ ಸಾವಿರ. ಅವರಲ್ಲೂ ಬಹಳಷ್ಟು ಜನ ತುಳುವಿಗೆ, ಕನ್ನಡಕ್ಕೆ ಹೊರಳಿದ್ದಾರೆ. ತಮ್ಮ ಮಾತಾಡಿದರೆ ಯಾರೆಂದು ಗೊತ್ತಾಗುತ್ತದಲ್ಲ!

'ಅಪರಾಧಿ ಬುಡಕಟ್ಟು' ಎಂಬ ಮಾತು ಹೋಯಿತೇ? ೧೯೬೧ರಲ್ಲಿ ಕರ್ನಾಟಕಕ್ಕೆ 'ರೂಢಿಗತ ಅಪರಾಧಿಗಳ ಕಾಯ್ದೆ' ಬಂತು. ಕಾಗದದಲ್ಲಿ ಜಾತಿಯ ಹೆಸರಿಲ್ಲ, ಪೊಲೀಸರ ಕಣ್ಣು ಮಾತ್ರ ಅದೇ ಹಟ್ಟಿಯ ಮೇಲೆ. ೨೦೨೪ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳಲ್ಲಿನ ಜಾತಿಭೇದದ ಮೇಲೆ ತೀರ್ಪು ಕೊಡುವಾಗ, ಈ ವಿಮುಕ್ತ ಜನರನ್ನು ಹುಟ್ಟು ಅಪರಾಧಿಗಳಂತೆ ಕಾಣುವುದು ಸಂವಿಧಾನಕ್ಕೆ ವಿರುದ್ಧ ಎಂದು ಮತ್ತೆ ಹೇಳಬೇಕಾಯಿತು.

ಈಗ ಜನಗಣತಿಗೆ ಬನ್ನಿ. ಲಂಬಾಣಿ ಭಾಷೆಯನ್ನು ೨೦೧೧ರ ಜನಗಣತಿ ಎಲ್ಲಿಗೆ ಸೇರಿಸಿದೆ ಗೊತ್ತೇ? ಹಿಂದಿಯ ಕೆಳಗೆ! ೩೨ ಲಕ್ಷಕ್ಕೂ ಮೀರಿದ ಲಂಬಾಣಿ ಮಾತುಗಾರರು ಒಂದೇ ಏಟಿಗೆ 'ಹಿಂದಿ ಭಾಷಿಕ'ರಾದರು. ಓದಿದ ಕೂಡಲೇ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ. ಆದರೆ ಅದೇ ಪಟ್ಟಿಯಲ್ಲಿ ಕನ್ನಡದ ಸಾಲು ನೋಡಿ. ಅದರ ಕೆಳಗೆ ನೀಲಗಿರಿಯ ಬಡಗ ಇದೆ, 'ಕುರುಬ/ಕುರುಂಬ' ಇದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗೆ ೧೯೭೧ರಿಂದ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಹಿಂದಿ ನುಂಗಿದರೆ ಸಾಮ್ರಾಜ್ಯಶಾಹಿ, ಕನ್ನಡ ನುಂಗಿದರೆ ನಾಡಪ್ರೇಮ. ಇದು ಯಾವ ಸೀಮೆಯ ನ್ಯಾಯ?

ಜೇನು ಕುರುಬರ ಮಾತು ಕನ್ನಡಕ್ಕೆ ಹತ್ತಿರದ್ದು, ಅದು ಬೇರೆ ಭಾಷೆಯೋ ಕನ್ನಡದ ಒಳನುಡಿಯೋ ಎಂದು ಪಂಡಿತರು ವಾದ ಮಾಡುತ್ತಾರೆ. ಮಾಡಲಿ. ಆ ಮಾತಾಡುವವರನ್ನು ಒಂದು ಮಾತು ಕೇಳಬೇಕಲ್ಲವೇ?

ಇನ್ನೊಂದು ವಿಷಯ. ಮಗು ತಾಯ್ನುಡಿಯಲ್ಲೇ ಕಲಿಯಬೇಕು ಎಂದು ಈ ನಾಡಿನಲ್ಲಿ ಎಷ್ಟು ಹೋರಾಟ ನಡೆಯಿತು! ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಇಲ್ಲವೇ ಕನ್ನಡ ಎಂದು ೧೯೯೪ರಲ್ಲಿ ಸರಕಾರ ಆದೇಶ ಹೊರಡಿಸಿತು. ೨೦೧೪ರ ಮೇ ೬ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನಾವು ಎದೆ ಬಡಿದುಕೊಂಡೆವು. ತಾಯಿಯ ಮಾತಿನಲ್ಲಿ ಲೆಕ್ಕ ಕಲಿತ ಮಗು ಚುರುಕಾಗುತ್ತದೆ ಎಂದು ವಾದಿಸಿದೆವು. ಸರಿಯಾದ ವಾದವೇ. ಹಾಗಾದರೆ ಹೆಗ್ಗಡದೇವನಕೋಟೆಯ ಹಾಡಿಯ ಮಗುವಿನ ತಾಯಿ ಯಾವ ಮಾತಾಡುತ್ತಾಳೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗುವಿನ ತಾಯಿ? ತಾಂಡಾದ ಮಗುವಿನ ತಾಯಿ? ನಮ್ಮ ವಾದ ನಮ್ಮ ಮಕ್ಕಳಿಗೆ ಮಾತ್ರವೋ?

ಏನು ಮಾಡಬೇಕು?

ಇದೆಲ್ಲ ಕನ್ನಡ ಒಡೆಯುವ ಕುತಂತ್ರ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಊದುತ್ತಾರೆ. ನಂಬಬೇಡಿ. ನಾಲ್ಕು ಕೋಟಿ ಮೀರಿದ ಕನ್ನಡಕ್ಕೆ ೧೫ ಸಾವಿರ ಕೊರಗರಿಂದ ಅಪಾಯವೇ? ದಂಡಿನ ಅಂಗಡಿಯಲ್ಲಿ ಕನ್ನಡಕ್ಕೆ ಉತ್ತರ ಸಿಗದಾಗ ಆಗುವ ಅವಮಾನ ಏನೆಂದು ಬೆಂಗಳೂರಿನ ಪೂರ್ವಭಾಗದಲ್ಲಿ ಬದುಕುವ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ನೋವು ಗೊತ್ತಿರುವವನು ಇನ್ನೊಬ್ಬನಿಗೆ ಅದೇ ನೋವು ಕೊಡಬಾರದು, ಅಷ್ಟೇ.

ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕ ತಗಡಿನ ಶೆಡ್ಡುಗಳಿವೆ. ಕಲ್ಯಾಣ ಕರ್ನಾಟಕದ ತಾಂಡಾಗಳಿಂದ ಗುಳೆ ಬಂದು ಕಲ್ಯಾಣ ನಗರಕ್ಕೆ ಇಟ್ಟಿಗೆ ಹೊರುವವರು ಅಲ್ಲಿದ್ದಾರೆ. ನಿಮ್ಮ ಹತ್ತಿರ ಕನ್ನಡ ಮಾತಾಡುತ್ತಾರೆ, ಒಳಗೆ ಹೋಗಿ ಮಕ್ಕಳ ಹತ್ತಿರ ಲಂಬಾಣಿ ಮಾತಾಡುತ್ತಾರೆ. ಎರಡು ಭಾಷೆ ಬಲ್ಲವರು ಅವರು. ಬನ್ನೇರುಘಟ್ಟದ ಬಳಿ ಹಕ್ಕಿಪಿಕ್ಕಿಗಳಿದ್ದಾರೆ, ಅವರ ವಾಗ್ರಿ ಮಾತು ಗುಜರಾತಿಗೆ ನಂಟು. ೨೦೨೩ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರು ಎಂದು ಟೀವಿಯಲ್ಲಿ ನೋಡಿದಿರಲ್ಲ, ಅವರಲ್ಲಿ ಹೆಚ್ಚಿನವರು ಇದೇ ಹಕ್ಕಿಪಿಕ್ಕಿಗಳು. ಕಷ್ಟ ಬಂದಾಗ ಅವರು ಕನ್ನಡಿಗರು. ಕಷ್ಟ ತೀರಿದ ಮೇಲೆ?

ಧಾರವಾಡಕ್ಕೆ ಬಂದು ನೆಲೆಸಿದ ಗಣೇಶ ದೇವಿಯವರ ಮುಂದಾಳತ್ವದಲ್ಲಿ ಸರಕಾರದ ಕಾಸಿಲ್ಲದೆ ಜನರೇ ಒಂದು ಭಾಷಾ ಸರ್ವೇ ಮಾಡಿ, ದೇಶದಲ್ಲಿ ೭೮೦ ಭಾಷೆಗಳನ್ನು ಲೆಕ್ಕ ಹಾಕಿದರು. ಅಂಥ ಕೆಲಸಕ್ಕೆ ನಿಮ್ಮ ಕೈಯಲ್ಲಿರುವ ಮೊಬೈಲು ಸಾಕು. ಆದರೆ ಥರ್ಸ್ಟನ್ ಹಾಗೆ ಹೋಗಬೇಡಿ, ಡಾಸ್ ಹಾಗೆ ಹೋಗಿ. ಮೊದಲು ಅವರ ಅಪ್ಪಣೆ ಕೇಳಿ. ಹೇಳಿಕೊಟ್ಟವರ ಹೆಸರು ಮೊದಲು ಬರೆಯಿರಿ. ಧ್ವನಿ ತುಂಬಿಕೊಂಡದ್ದರ ಒಂದು ಪ್ರತಿ ಅವರ ಮನೆಯಲ್ಲೇ ಇರಲಿ. ಬೇಡ ಎಂದರೆ ಕೈಮುಗಿದು ಎದ್ದು ಬನ್ನಿ.

ನಿಮ್ಮ ಸಂಘದ ಬೇಡಿಕೆ ಪಟ್ಟಿಯಲ್ಲಿ ಮೂರು ಸಾಲು ಸೇರಿಸಿ. ಕೊರಗ, ಸೋಲಿಗ, ಜೇನು ಕುರುಬ, ಲಂಬಾಣಿ ಮಕ್ಕಳಿಗೆ ಒಂದನೇ ಎರಡನೇ ತರಗತಿಯಲ್ಲಿ ಮನೆಮಾತು ಬಲ್ಲ ಶಿಕ್ಷಕರು ಬೇಕು, ಅವರ ಮೂಲಕವೇ ಕನ್ನಡಕ್ಕೆ ಬರಲಿ. ಮುಂದಿನ ಜನಗಣತಿಯಲ್ಲಿ ಅವರು ಹೇಳಿದ ಭಾಷೆಯ ಹೆಸರು ಹೇಳಿದ ಹಾಗೇ ಅಚ್ಚಾಗಲಿ. ಲಂಡನ್ನಿನಲ್ಲೋ ಚೆನ್ನೈನಲ್ಲೋ ಇರುವ ಅವರ ನುಡಿಯ ಹಳೇ ದಾಖಲೆಗಳ ನಕಲು ಅವರ ಹಾಡಿಗೆ, ತಾಂಡಾಕ್ಕೆ ವಾಪಸು ಬರಲಿ.

ಇನ್ನೊಂದು ಸಣ್ಣ ಕೆಲಸ ಇವತ್ತೇ ಮಾಡಬಹುದು. ಗೆಳೆಯನನ್ನು ಬೈಯುವಾಗ ಒಂದು ಬುಡಕಟ್ಟಿನ ಹೆಸರು ಬಾಯಿಗೆ ಬರುತ್ತದಲ್ಲ, ಅದನ್ನು ನುಂಗಿಕೊಳ್ಳಿ. ಆ ಬೈಗುಳ ಕೆನಡಿಯ ಪುಸ್ತಕದ್ದು, ನಮ್ಮ ನಾಲಿಗೆಗೆ ಅದು ಬೇಡ.

ಬರುವ ನವೆಂಬರಿನಲ್ಲಿ ಕಿಟ್ಟೆಲ್‌ಗೆ ಹಾರ ಹಾಕಲು ಹೋಗುವಾಗ ಆ ತಗಡಿನ ಶೆಡ್ಡಿನವರನ್ನೂ ಕರೆಯಿರಿ. ವೇದಿಕೆಯ ಮೇಲೆ ಒಂದು ಹಾಡು ಅವರ ನುಡಿಯಲ್ಲಿ ಆಗಲಿ. ಬಾವುಟ ಅವರ ಕೈಯಲ್ಲೂ ಇರಲಿ.